ಗಾರ್ಮೆಂಟ್ಸ್ ಕ್ರೆಶ್‌ಗೆ ಮಗುವನ್ನು ಬಿಡಬಹುದೇ? ಹಾಸನದ ಒಂದು ಕಾರ್ಖಾನೆಯ ಅನುಭವ

ಹಾಸನದ ಹೊರವಲಯದ ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಚೆಕಿಂಗ್ ವಿಭಾಗದಲ್ಲಿ ಕೆಲಸ ಮಾಡುವ ನಾನು, ಅಲ್ಲಿನ ಕ್ರೆಶ್‌ನಲ್ಲಿಯೇ, ಅಂದರೆ ಕೆಲಸದ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೋಣೆಯಲ್ಲಿ, ಮಗಳನ್ನು ಬಿಡುತ್ತಿದ್ದೇನೆ. ದುದ್ದ, ಶಾಂತಿಗ್ರಾಮದ ಕಡೆಯಿಂದ ಕೆಲಸ ಕೇಳಿಕೊಂಡು ಬರುವ ಹೆಂಗಸರು ಸಂಬಳದ ಜೊತೆಗೆ ಮಗುವಿನ ವ್ಯವಸ್ಥೆಯನ್ನೂ ವಿಚಾರಿಸುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಆರೈಕೆಯ ಬಗ್ಗೆ ದೂರಿಲ್ಲ. ಕೋಣೆ ಚೊಕ್ಕಟವಾಗಿದೆ, ಬೆಳಿಗ್ಗೆ ರಾಗಿ ಗಂಜಿಯನ್ನೂ ಮಧ್ಯಾಹ್ನ ಮೆತ್ತಗೆ ಕಲಸಿದ ಬೇಳೆ ಅನ್ನವನ್ನೂ ಕೊಡುತ್ತಾರೆ, ಸಂಬಳದಲ್ಲಿ ಇದಕ್ಕೆಂದು ಏನೂ ಹಿಡಿಯುವುದಿಲ್ಲ. ಮಗು ಎಷ್ಟು ತಿಂದಿತು, ಎಷ್ಟು ಹೊತ್ತು ಮಲಗಿತು ಎಂಬುದನ್ನು ಆಯಮ್ಮ ಪುಸ್ತಕದಲ್ಲಿ ಬರೆದಿಡುತ್ತಾರೆ. ಜ್ವರವಿರುವ ಮಗುವನ್ನು ಮುಲಾಜಿಲ್ಲದೆ ವಾಪಸು ಕಳಿಸುತ್ತಾರೆ. ಅಂದು ರಜೆ ಹಾಕಬೇಕಾದ ತಾಯಿಗೆ ಕಷ್ಟವಾದರೂ ಉಳಿದ ಮಕ್ಕಳ ದೃಷ್ಟಿಯಿಂದ ಅದು ಸರಿಯೇ.

ತೊಡಕಿರುವುದು ಹಾಲೂಡಿಸುವ ವಿಷಯದಲ್ಲಿ. 30ಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯೇ ಹೇಳಿತ್ತು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯು 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಕ್ರೆಶ್ ಕಡ್ಡಾಯಗೊಳಿಸಿ, ತಾಯಿಯು ವಿಶ್ರಾಂತಿಯ ಬಿಡುವೂ ಸೇರಿ ದಿನಕ್ಕೆ ನಾಲ್ಕು ಬಾರಿ ಮಗುವಿನ ಬಳಿ ಹೋಗಿಬರಬಹುದು ಎಂದಿತು. ನಮ್ಮಲ್ಲಿ ಇದನ್ನು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದಾರೆ. ಆದರೆ ಪ್ರತಿ ಲೈನಿನ (ಒಬ್ಬರ ಕೆಲಸ ಮುಂದಿನವರಿಗೆ ಸಾಗುವ ಹೊಲಿಗೆ ಮಷೀನುಗಳ ಸಾಲಿನ) ತುದಿಯಲ್ಲಿ ಗಂಟೆಗೊಮ್ಮೆ ಪೀಸಿನ ಲೆಕ್ಕ ಬರೆಯುವ ಇನ್ನೊಂದು ಬೋರ್ಡಿದೆ. ಕಾಲರ್ ಕೂರಿಸುವವಳು ಎದ್ದು ಹೋದರೆ ಹಿಂದಿನಿಂದ ಬಂದ ಬಂಡಲುಗಳು ಅವಳ ಮಷೀನಿನ ಪಕ್ಕ ಗುಡ್ಡೆ ಬೀಳುತ್ತವೆ, ಮುಂದಿನವರು ಕೈಕಟ್ಟಿ ಕೂರುತ್ತಾರೆ, ಸೂಪರ್‌ವೈಸರ್ ಬಾಯಿ ಮಾಡುತ್ತಾರೆ. ಹೀಗಾಗಿ ಊಟದ ಹೊತ್ತು ಬಿಟ್ಟರೆ ಹೊಲಿಗೆಯವರು ಕ್ರೆಶ್ ಕಡೆ ತಲೆ ಹಾಕುವುದೇ ಅಪರೂಪ. (ಚೆಕಿಂಗ್‌ನವರಿಗೆ ಇಷ್ಟು ಬಿಗಿಯಿಲ್ಲ.) ಎದ್ದುಹೋದವರ ಜಾಗದಲ್ಲಿ ಕೂರಲು ಲೈನಿಗೊಬ್ಬ ಹೆಚ್ಚುವರಿ ಟೈಲರ್ ಕೊಟ್ಟರೆ ಮಾತ್ರ ಆ ನಾಲ್ಕು ಬಾರಿ ಎಂಬುದಕ್ಕೆ ಅರ್ಥ ಬಂದೀತು. ಆಡಳಿತದವರು ಆಟಿಕೆಗೆ ಖರ್ಚು ಮಾಡಿದಷ್ಟು ಸಲೀಸಾಗಿ ಇದಕ್ಕೆ ಮಾಡುತ್ತಿಲ್ಲ.

ಕ್ರೆಶ್‌ನ ಹಿಂಬಾಗಿಲು ತುರ್ತು ನಿರ್ಗಮನದ ದಾರಿ. ಶಿಪ್‌ಮೆಂಟ್ ಹತ್ತಿರ ಬಂದಾಗ ಅದರ ಹೊರಗೆ ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿಡುತ್ತಾರೆ. 2012ರ ನವೆಂಬರಿನಲ್ಲಿ ಢಾಕಾ ಸಮೀಪದ ತಜ್ರೀನ್ ಕಾರ್ಖಾನೆಯ ನೆಲಮಹಡಿಯಲ್ಲಿ ದಾಸ್ತಾನಿಟ್ಟಿದ್ದ ಬಟ್ಟೆ, ನೂಲಿಗೆ ಬೆಂಕಿ ಹತ್ತಿ, ಹೊರಬರಲು ದಾರಿಯಿಲ್ಲದೆ ನೂರಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಅವರೆಲ್ಲ ಓಡಬಲ್ಲ ವಯಸ್ಸಿನವರು. ನಡೆಯಲು ಬಾರದ ಕೂಸುಗಳಿರುವ ಕೋಣೆಯ ಬಾಗಿಲಿಗೆ ಏನನ್ನೂ ಅಡ್ಡ ಇಡಕೂಡದು. ಹೇಳಿದರೆ ಅವತ್ತೇ ತೆಗೆಸುತ್ತಾರೆ, ಮುಂದಿನ ಆರ್ಡರಿಗೆ ಪೆಟ್ಟಿಗೆಗಳು ಮತ್ತೆ ಬಂದು ಕೂರುತ್ತವೆ.

ಒಟ್ಟಿನಲ್ಲಿ ಐದಕ್ಕೆ ಮೂರು ಅಂಕ ಕೊಡುತ್ತೇನೆ. ಸೇರುವವರು ಎಷ್ಟು ತಿಂಗಳ ಮಗುವನ್ನು ತೆಗೆದುಕೊಳ್ಳುತ್ತಾರೆ, ಓಟಿ (ಹೆಚ್ಚುವರಿ ಹೊತ್ತಿನ ಕೆಲಸ) ಇರುವ ದಿನ ಎಷ್ಟು ಹೊತ್ತಿನವರೆಗೆ ನೋಡಿಕೊಳ್ಳುತ್ತಾರೆ ಎಂದು ಮೊದಲೇ ಕೇಳಿಕೊಳ್ಳಿ. ನಮ್ಮಲ್ಲಿ ಕ್ರೆಶ್ ಆರಕ್ಕೆ ಮುಚ್ಚುತ್ತದೆ, ಓಟಿ ಎಂಟರವರೆಗೂ ಎಳೆಯುತ್ತದೆ. ಮನೆಯಲ್ಲಿ ಬೇರೆ ಯಾರೂ ಇಲ್ಲದವರು ಓಟಿ ಬೇಡವೆಂದು ಸೇರುವ ದಿನವೇ ಬರೆದುಕೊಡುವುದು ಒಳ್ಳೆಯದು.