ಪಂಪ್ ಬಿಚ್ಚಿಸುವ ಮುನ್ನ ಓದಿ: ಆಯಿಲ್ ಟೆಂಪರೇಚರ್ ಸೆನ್ಸರ್ ಹೆಸರಿನಲ್ಲಿ ನನಗಾದ ಮೋಸ

ಎಕ್ಸ್‌ಕವೇಟರ್ ಇಟ್ಟುಕೊಂಡವರು, ಅದರಲ್ಲೂ ಹೈಡ್ರಾಲಿಕ್ ಆಯಿಲ್ ಬಿಸಿಯಾಗಿದೆ ಎಂಬ ಎಚ್ಚರಿಕೆಯನ್ನು ಮಾನಿಟರ್‌ನಲ್ಲಿ ಕಂಡು ಸರ್ವಿಸ್‌ನವರಿಗೆ ಫೋನ್ ಮಾಡಲು ಹೊರಟವರು, ದಯವಿಟ್ಟು ಮೊದಲು ಇದನ್ನು ಓದಿ. ನನ್ನ ಹಣ ಹೋಯಿತು, ಒಪ್ಪಿಕೊಂಡ ಕೆಲಸ ಬೇರೆಯವರ ಪಾಲಾಯಿತು, ಚೆನ್ನಾಗಿದ್ದ ಪಂಪನ್ನು ಬಿಚ್ಚಿ ನೆಲಕ್ಕಿಳಿಸಿದರು. ದೋಷ ಇದ್ದದ್ದು ಒಂದು ತಂತಿಯಲ್ಲಿ. ಒಂದೇ ಒಂದು ತಂತಿಯಲ್ಲಿ!

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ, ಬಕೆಟ್ ಇನ್ನೂ ನೆಲ ಬಿಟ್ಟು ಎದ್ದಿರುತ್ತಿರಲಿಲ್ಲ, ಆಯಿಲ್ ಬಿಸಿಯ ಮುಳ್ಳು ಕೆಂಪು ಗೆರೆಗೆ ಹೋಗಿ ಕೂರುತ್ತಿತ್ತು. ಫ್ಯಾನ್ ಪೂರ್ಣ ವೇಗದಲ್ಲಿ ಅಬ್ಬರಿಸುತ್ತಿತ್ತು. ಎಣ್ಣೆ ನಿಜವಾಗಿಯೂ ಕಾದಿದೆ ಎಂದು ತಿಳಿದ ಕಂಟ್ರೋಲರ್ (ಮಷಿನ್‌ನ ಕಂಪ್ಯೂಟರ್) ಪಂಪಿನ ಶಕ್ತಿ ತಗ್ಗಿಸುತ್ತಿದ್ದುದರಿಂದ ಬೂಮ್ ತೆವಳಿಕೊಂಡು ಏಳುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತಿತ್ತು. ಉಬ್ಬುತಗ್ಗಿನ ಜಾಗದಲ್ಲಿ ಮಷಿನ್ ಕುಲುಕಿದರೆ ಮತ್ತೆ ಅದೇ ಪಾಡು. ಬಂದ ಮೆಕ್ಯಾನಿಕ್‌ಗೆ ಇದನ್ನೆಲ್ಲ ಬಿಡಿಸಿ ಬಿಡಿಸಿ ಹೇಳಿದ್ದೆ. ರಾತ್ರಿಯಿಡೀ ನಿಂತು ತಣ್ಣಗಾದ ಎಣ್ಣೆ ಸ್ಟಾರ್ಟ್ ಆದ ಕ್ಷಣದಲ್ಲೇ ಕಾಯುವುದಿಲ್ಲ. ಕುಲುಕಿದಾಗ ಬಂದು ಹೋಗುವ ದೋಷಕ್ಕೆ ಮೊದಲು ನೋಡಬೇಕಾದದ್ದು ವೈರಿಂಗ್. ಈ ಕಸುಬಿನಲ್ಲೇ ಅನ್ನ ತಿನ್ನುವವನಿಗೆ ಇಷ್ಟೂ ತಿಳಿದಿರುವುದಿಲ್ಲವೇ?

ಲ್ಯಾಪ್‌ಟಾಪ್ ಸಿಕ್ಕಿಸಿ ದೋಷದ ಕೋಡ್ ಓದಿದ. "ಹೈಡ್ರಾಲಿಕ್ ಟೆಂಪರೇಚರ್ ಕೋಡ್ ಬಂದಿದೆ ಸರ್, ಸೆನ್ಸರ್ ಹೋಗಿದೆ" ಎಂದ. ಹೊಸದು ಹಾಕಿದ. ಮುಳ್ಳು ಇಳಿಯಿತು, ಹಣ ತೆಗೆದುಕೊಂಡು ಹೋದ. ಸೆನ್ಸರ್ ಬದಲಿಸುವಾಗ ವೈರಿನ ಕಟ್ಟನ್ನು ಎಳೆದಾಡಿದ್ದರಿಂದ ಮುಳ್ಳು ಇಳಿದಿತ್ತು ಎಂಬುದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಕೆಲವೇ ದಿನಗಳಲ್ಲಿ ಮುಳ್ಳು ಮತ್ತೆ ಕೆಂಪು ಗೆರೆ ಮುಟ್ಟಿತು. "ಹಾಗಾದರೆ ಕೂಲರ್ ಕಟ್ಟಿಕೊಂಡಿದೆ" ಎಂದ. ಕೂಲರ್ ಇಳಿಸಿ ತೊಳೆದದ್ದಾಯಿತು. ಆಮೇಲೂ ಮುಳ್ಳು ಇಳಿಯದಿದ್ದಾಗ ಮುಖ ಗಂಭೀರ ಮಾಡಿಕೊಂಡು ಹೇಳಿದ: "ಪಂಪ್ ಒಳಗೇ ಸವೆದಿದೆ ಸರ್. ಒಳಸೋರಿಕೆಯಿಂದ ಎಣ್ಣೆ ಕಾಯುತ್ತಿದೆ. ಹೀಗೇ ಓಡಿಸಿದರೆ ಲೋಹದ ಪುಡಿ ಎಲ್ಲ ಕಡೆ ಸೇರುತ್ತದೆ. ಆಮೇಲೆ ನನ್ನನ್ನು ಕೇಳಬೇಡಿ." ಈ ಮಾತು ಕೇಳಿದ ಮೇಲೆ ಯಾವ ಮಾಲೀಕನಿಗೆ ಧೈರ್ಯ ಉಳಿಯುತ್ತದೆ? ಪಂಪ್ ಸವೆದಿದ್ದರೆ ಅದರ ಕೇಸ್ ಡ್ರೈನ್ ಪೈಪಿನಿಂದ (ಪಂಪಿನೊಳಗೆ ಸೋರಿದ ಎಣ್ಣೆಯನ್ನು ಹೊರಬಿಡುವ ಪೈಪ್) ಬರುವ ಎಣ್ಣೆಯನ್ನು ಅಳೆದು ತೋರಿಸಬಹುದು. ಅವನು ಅಳೆಯಲಿಲ್ಲ. ಪ್ರೆಶರ್ ಗೇಜ್ ಹಾಕಲಿಲ್ಲ. ಟ್ಯಾಂಕಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಕೂಡ ಹಿಡಿಯಲಿಲ್ಲ. ಬಾಯಿಮಾತಿನಲ್ಲೇ ಪಂಪ್ ಬಿಚ್ಚಿದ.

ಪಂಪ್ ಇಳಿಸಿ ದಿನಗಳೇ ಕಳೆದಿದ್ದವು. ಮಷಿನ್ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಅವರ್ ಮೀಟರ್ ಓದಿಕೊಳ್ಳಬೇಕೆಂದು ನಮ್ಮ ಆಪರೇಟರ್ ಕ್ಯಾಬಿನ್ ಹತ್ತಿ ಕೀ ಆನ್ ಮಾಡಿದ. ಎಂಜಿನ್ ಆಫ್. ಪಂಪ್ ಹಲಗೆಯ ಮೇಲೆ, ಪ್ಲಾಸ್ಟಿಕ್ ಚೀಲ ಹೊದ್ದುಕೊಂಡು ಮಲಗಿದೆ. ಟ್ಯಾಂಕಿನ ತಗಡು ಮುಟ್ಟಿದರೆ ತಣ್ಣಗೆ ಕೊರೆಯುತ್ತಿದೆ. ಮಾನಿಟರ್‌ನಲ್ಲಿ ಮಾತ್ರ ಮುಳ್ಳು ಕೆಂಪು ಗೆರೆಯ ತುದಿಯಲ್ಲಿ! "ಅಣ್ಣಾ, ಪಂಪೇ ಇಲ್ಲವಲ್ಲ, ಎಣ್ಣೆ ಕಾದದ್ದು ಹೇಗೆ?" ಎಂದು ಅವನು ಕೇಳಿದ. ನನ್ನ ಕೈಕೆಳಗೆ ದುಡಿಯುವ ಹುಡುಗನ ಮುಂದೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ನನ್ನನ್ನು ಪೂರ್ತಿ ಏಮಾರಿಸಿದ್ದಾರೆ ಎಂದು ಆ ಕ್ಷಣ ಖಚಿತವಾಯಿತು. ಪಂಪೇ ಇಲ್ಲದ ಮಷಿನ್‌ನಲ್ಲಿ ಎಣ್ಣೆ ಕಾಯುತ್ತದಂತೆ!

ಕೂಡಲೇ ಫೋನ್ ಮಾಡಿದೆ. ಅವನ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. "ಅದು ಹಳೆಯ ರೀಡಿಂಗ್ ಸರ್, ಮೆಮೊರಿಯಲ್ಲಿ ಉಳಿದಿರುತ್ತದೆ." ಸುಳ್ಳು. ಮೆಮೊರಿಯಲ್ಲಿ ಉಳಿಯುವುದು ಕೋಡ್. ಮುಳ್ಳು ತೋರಿಸುವುದು ಈ ಗಳಿಗೆಯ ಸಿಗ್ನಲ್. ಹಾಗೆಂದಾಗ, "ಕಂಪ್ಯೂಟರ್ ಹೇಳಿದ್ದನ್ನು ಮಾಡಿದ್ದೇನೆ, ನನ್ನ ಸ್ವಂತದ್ದೇನೂ ಇಲ್ಲ" ಎಂದ. ಹಳೆಯ ಸೆನ್ಸರ್ ಎಲ್ಲಿ ಎಂದರೆ, "ಹಳೆಯ ಸಾಮಾನು ವಾಪಸ್ ಕೊಡುವುದಿಲ್ಲ." ಕೊನೆಗೆ, "ನಿಮಗೆ ಎಲೆಕ್ಟ್ರಿಕಲ್ ಅರ್ಥವಾಗುವುದಿಲ್ಲ, ಬಿಡಿ ಸರ್." ನನ್ನದೇ ದುಡ್ಡು ತಿಂದು ನನಗೇ ಈ ಮಾತು!

ಪರಿಚಯದ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ಅವರು ಲ್ಯಾಪ್‌ಟಾಪ್ ತರಲಿಲ್ಲ, ಮಲ್ಟಿಮೀಟರ್ ತಂದರು. ನಮ್ಮ ಮಷಿನ್‌ನ ಸೆನ್ಸರ್ ಎರಡು ತಂತಿಯ ಥರ್ಮಿಸ್ಟರ್. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ಸಿಗ್ನಲ್ ವೋಲ್ಟೇಜ್ ಕೂಡ ಇಳಿಯುತ್ತದೆ. ಕನೆಕ್ಟರ್ ಬಿಚ್ಚಿದರೆ ಕಂಟ್ರೋಲರ್‌ಗೆ ಎಣ್ಣೆ ತೀರಾ ತಣ್ಣಗಿರುವಂತೆ ಕಾಣಬೇಕು, ಮುಳ್ಳು ಕೆಳಗೆ ಬೀಳಬೇಕು. ಅವರು ಕನೆಕ್ಟರ್ ಬಿಚ್ಚಿದರು. ಮುಳ್ಳು ಕದಲಲಿಲ್ಲ. ಸೆನ್ಸರ್‌ಗೆ ಸಂಪರ್ಕವೇ ಇಲ್ಲ, ಆದರೂ ಮುಳ್ಳು ಕೆಂಪಿನಲ್ಲೇ ಇತ್ತು! ವೈರಿನ ಬದಿಯ ಸಿಗ್ನಲ್ ಪಿನ್‌ನಲ್ಲಿ ಸುಮಾರು 5 ವೋಲ್ಟ್ ಇರಬೇಕಿತ್ತು. ಮೀಟರ್ ಸೊನ್ನೆಯ ಹತ್ತಿರ ತೋರಿಸಿತು. "ತಂತಿ ಎಲ್ಲೋ ಮಷಿನ್ ಬಾಡಿಯ ಲೋಹಕ್ಕೆ ತಗಲುತ್ತಿದೆ" ಎಂದು ಅದರ ಜಾಡು ಹಿಡಿದು ಹೊರಟರು. ಟ್ಯಾಂಕಿನ ಹಿಂದೆ, ರಿಟರ್ನ್ ಪೈಪಿನ ಕ್ಲ್ಯಾಂಪ್ ಅಡಿಯಲ್ಲಿ, ಉಜ್ಜಿ ಉಜ್ಜಿ ಕವಚ ಸವೆದು ತಾಮ್ರದ ಎಳೆಗಳು ಹೊರಬಂದಿದ್ದವು. ಅವು ತಾಗುತ್ತಿದ್ದ ಜಾಗದಲ್ಲಿ ಕ್ಲ್ಯಾಂಪಿನ ಪೇಂಟ್ ಕಿತ್ತು ಲೋಹ ಮಿನುಗುತ್ತಿತ್ತು. ತಂತಿಯನ್ನು ಎತ್ತಿ ಹಿಡಿದ ಕೂಡಲೇ ಮುಳ್ಳು ಕೆಳಗಿಳಿಯಿತು.

ಇದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದಿದೆ. ಮೆಕ್ಯಾನಿಕ್‌ನ ಲ್ಯಾಪ್‌ಟಾಪ್ ಪರದೆಯ ಫೋಟೊ ನನ್ನ ಮೊಬೈಲ್‌ನಲ್ಲಿತ್ತು. ಅದರಲ್ಲಿ ಎಸ್‌ಪಿಎನ್ (ದೋಷ ಯಾವುದರಲ್ಲಿ ಎಂಬ ಸಂಖ್ಯೆ) 1638, ಎಫ್‌ಎಂಐ (ದೋಷ ಯಾವ ಬಗೆಯದು ಎಂಬ ಸಂಖ್ಯೆ) 4 ಎಂದಿದೆ. ಭಾರೀ ವಾಹನ, ಯಂತ್ರಗಳ ಕಂಟ್ರೋಲರ್‌ಗಳು ಬಳಸುವ ಜೆ1939 ಪದ್ಧತಿಯಲ್ಲಿ 1638 ಎಂದರೆ ಹೈಡ್ರಾಲಿಕ್ ಟೆಂಪರೇಚರ್. ಅಷ್ಟನ್ನು ಅವನು ಓದಿ ಹೇಳಿದ. ಪಕ್ಕದ 4 ಎಂದರೆ ವೋಲ್ಟೇಜ್ ಇರಬೇಕಾದದ್ದಕ್ಕಿಂತ ಕಡಿಮೆ, ಇಲ್ಲವೇ ಶಾರ್ಟ್. ಅದನ್ನು ಹೇಳಲೇ ಇಲ್ಲ. ಎಣ್ಣೆ ನಿಜವಾಗಿ ಮಿತಿಮೀರಿ ಕಾದಿದ್ದರೆ ಅಲ್ಲಿ 0 ಅಥವಾ 16ರಂಥ ಬೇರೆ ಸಂಖ್ಯೆ ಬರಬೇಕಿತ್ತು. ಉತ್ತರ ಮೊದಲ ದಿನವೇ ಅವನ ಕಣ್ಣೆದುರಿಗಿತ್ತು!

ನೀವು ಈ ಪಾಡು ಪಡಬೇಡಿ. ಕೋಡ್ ಬಂದರೆ ಎರಡೂ ಸಂಖ್ಯೆಗಳ ಫೋಟೊ ತೆಗೆದುಕೊಳ್ಳಿ, ಎರಡನೆಯದರ ಅರ್ಥ ಹೇಳಿಸಿಕೊಳ್ಳದೆ ಬಿಡಬೇಡಿ. ಟ್ಯಾಂಕಿಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಮಾನಿಟರ್ ಜೊತೆ ಹೋಲಿಸಿ. ಎಣ್ಣೆ ನಿಜಕ್ಕೂ ಕಾದಿದ್ದರೆ ಮಾತ್ರ ಕೂಲರ್, ಫ್ಯಾನ್, ರಿಲೀಫ್ ವಾಲ್ವ್, ಪಂಪ್‌ನ ಮಾತು. ಕನೆಕ್ಟರ್ ಬಿಚ್ಚಿದಾಗ ಕೆಲವು ಕಂಟ್ರೋಲರ್‌ಗಳು ಬದಲಿ ರೀಡಿಂಗ್ ತೋರಿಸುತ್ತವೆ, ಆದ್ದರಿಂದ ನಿಮ್ಮ ಮಷಿನ್‌ನ ಸರ್ವಿಸ್ ಮ್ಯಾನುಯಲ್ ನೋಡಿಕೊಳ್ಳಿ. ಬಿಚ್ಚಿದ ಸಾಮಾನು ನಿಮ್ಮ ಕೈಗೆ ಬರುವವರೆಗೆ ಹಣ ಕೊಡಬೇಡಿ. ಅಳತೆ ತೋರಿಸದೆ ಪಂಪಿನ ಬೋಲ್ಟ್ ಮುಟ್ಟಲು ಯಾರಿಗೂ ಬಿಡಬೇಡಿ, ಯಾರಿಗೂ!

ಪಂಪ್ ಬಿಚ್ಚಿದ ಮತ್ತು ಜೋಡಿಸಿದ ಕೂಲಿಯ ಬಿಲ್ ಈಗ ಬಂದಿದೆ. "ಮುಂದಿನ ಸರ್ವಿಸ್‌ನಲ್ಲಿ ಸರಿಹೊಂದಿಸೋಣ ಸರ್" ಎನ್ನುತ್ತಾನೆ. ಮುಂದಿನ ಸರ್ವಿಸ್ ಎಂಬುದು ಇಲ್ಲ. ಆ ಬಿಲ್ ಕಟ್ಟುವುದಿಲ್ಲ, ಹಳೆಯ ಸೆನ್ಸರ್ ವಾಪಸ್ ಬೇಕು ಎಂದು ಬರೆದು ಕಳುಹಿಸಿದ್ದೇನೆ. ಎರಡಕ್ಕೂ ಇನ್ನೂ ಉತ್ತರವಿಲ್ಲ.