ಮೇ ತಿಂಗಳ ಬಿಸಿಲಲ್ಲಿ ಹಿಮದೂರಿನ ಪ್ರೇಮ: ಇ-ರೀಡರ್ ಮತ್ತು ಅದರ ಚಂದಾ, ಎರಡು ಬೇಸಿಗೆ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಇ-ಪುಸ್ತಕ ಓದುವ ಈ ಯಂತ್ರ ಚೆನ್ನಾಗಿದೆ. ಅದರ ಜೊತೆ ಬರುವ ತಿಂಗಳ ಚಂದಾ ಮೇಲೆ ಮಾತ್ರ ನನಗೆ ಸಿಟ್ಟಿದೆ. ಎರಡನ್ನೂ ಮಾರುವ ಕಂಪನಿ ಒಂದೇ, ಹಾಗಾಗಿ ಎರಡರ ಬಗ್ಗೆಯೂ ಒಟ್ಟಿಗೇ ಬರೆಯುತ್ತಿದ್ದೇನೆ. ಪರದೆ ಎಷ್ಟು ಇಂಚು, ಎಷ್ಟು ಜಿಬಿ, ನೀರಿಗೆ ಬಿದ್ದರೆ ಏನು ಅನ್ನೋದೆಲ್ಲ ನೀವು ಆಗಲೇ ನೋಡಿರುತ್ತೀರಿ.

ನಾನು ಇದನ್ನು ಕೊಂಡಿದ್ದು ಒಂದೇ ಕಾರಣಕ್ಕೆ. ಅಮೆರಿಕದ ಸಣ್ಣ ಊರುಗಳ ಪ್ರೇಮಕಾದಂಬರಿ ಓದಲು. ಗಂಭೀರ ಸಾಹಿತ್ಯದವರು ಇಲ್ಲೇ ಇಳಿದುಕೊಳ್ಳಬಹುದು, ಬೇಜಾರಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಕಥೆ ವರ್ಮಾಂಟ್, ಮೇನ್, ಮೊಂಟಾನಾ ಇಂಥ ರಾಜ್ಯಗಳಲ್ಲಿ ನಡೆಯುತ್ತದೆ. ಊರು ಮಾತ್ರ ಕಲ್ಪನೆಯದ್ದು. ಜನಸಂಖ್ಯೆ ಎರಡು ಸಾವಿರ ಇದ್ದರೆ ಹೆಚ್ಚು. ನ್ಯೂಯಾರ್ಕಿನಲ್ಲಿ ಕೆಲಸ ಹೋದ ಹುಡುಗಿ ಅಜ್ಜಿ ಬಿಟ್ಟುಹೋದ ಹಳೇ ಮನೆಗೆ ಬರುತ್ತಾಳೆ. ಮಾಡು ಸೋರುತ್ತಿರುತ್ತದೆ. ರಿಪೇರಿಗೆ ಬರುವ ಬಡಗಿ ಸಿಡುಕ. ಚೌಕಳಿ ಅಂಗಿ, ಜೊತೆಗೊಂದು ನಾಯಿ. ಮುಂದಿನದು ನಿಮಗೇ ಗೊತ್ತಾಗುತ್ತದೆ, ಅಲ್ವಾ? ಗೊತ್ತಾಗೋದರಲ್ಲೇ ಸುಖ ಇದೆ. ಈ ಕಾದಂಬರಿಗಳ ಕೊನೆ ಒಳ್ಳೆಯದೇ ಆಗಬೇಕು. ಅಮೆರಿಕದ ಪ್ರೇಮಕಾದಂಬರಿಕಾರರ ಸಂಘ ಅದನ್ನು ವ್ಯಾಖ್ಯೆಯಲ್ಲೇ ಸೇರಿಸಿಬಿಟ್ಟಿದೆ. ದಿನವಿಡೀ ಆಫೀಸಿನಲ್ಲಿ ಅಣ್ಣತಮ್ಮಂದಿರ ಜಮೀನು ಜಗಳದ ಕಡತ ತಿರುವುವವಳಿಗೆ ಸಂಜೆಗೊಂದು ಗ್ಯಾರಂಟಿ ಬೇಕಾಗುತ್ತದೆ.

ಹಾಗಂತ ಕಣ್ಣು ಮುಚ್ಚಿಕೊಂಡು ಓದುವುದಿಲ್ಲ. ಎರಡು ಸಾವಿರ ಜನರ ಊರಲ್ಲಿ ಒಂದು ಬೇಕರಿ, ಒಂದು ಹೂವಿನಂಗಡಿ, ಒಂದು ಪುಸ್ತಕದಂಗಡಿ, ಎಲ್ಲವೂ ಲಾಭದಲ್ಲಿ! ನಾಯಕಿಗೆ ಯಾವ ಬ್ಯಾಂಕು ಸಾಲ ಕೊಟ್ಟಿತು? ದಿನಾ ಅಷ್ಟು ಕಪ್‌ಕೇಕ್ ತಿನ್ನುವವರು ಯಾರು? ಊರ ಹೆಂಗಸರೆಲ್ಲ ಸೇರಿ ಜೋಡಿ ಕೂಡಿಸುತ್ತಾರೆ, ಯಾರೂ ಒಂದು ಕೆಟ್ಟ ಮಾತಾಡುವುದಿಲ್ಲ. ನಮ್ಮ ಕಲಬುರಗಿ ಕಡೆಯೂ ಹೊಸ ಹುಡುಗಿ ಊರಿಗೆ ಬಂದರೆ ‘ಯಾರ ಮಗಳವ್ವಾ ನೀನು?’ ಅಂತ ಪ್ರೀತಿಯಿಂದಲೇ ಕೇಳುತ್ತಾರೆ. ಎರಡನೇ ಪ್ರಶ್ನೆ ಯಾವುದು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಇನ್ನು ಕುಂಬಳಕಾಯಿ ಹಬ್ಬ. ಪ್ರತಿ ಕಾದಂಬರಿಯಲ್ಲೂ ಒಂದು ಊರಹಬ್ಬ ಇದ್ದು, ಅಲ್ಲೇ ನಾಯಕ ಮನಸ್ಸು ಬಿಚ್ಚುತ್ತಾನೆ. ಶರಣಬಸವೇಶ್ವರ ಜಾತ್ರೆಯ ತೇರಿನ ದಿನ ಯಾರಾದರೂ ಮನಸ್ಸು ಬಿಚ್ಚಿದರೆ ಎದುರಿಗಿದ್ದವರಿಗೆ ಕೇಳಿಸುವುದೇ ಇಲ್ಲ.

ಆದರೂ ಒಂದು ಆಸೆ ಇದೆ. ಹಿಮಪಾತಕ್ಕೆ ರಸ್ತೆ ಬಂದಾಗಿ ಇಬ್ಬರೂ ಒಂದೇ ಮನೆಯಲ್ಲಿ ಸಿಕ್ಕಿಬೀಳುವ ಅಧ್ಯಾಯ ಈ ಪುಸ್ತಕಗಳಲ್ಲಿ ತಪ್ಪುವುದಿಲ್ಲ. ನಮ್ಮಲ್ಲಿ ಮಳೆಗಾಲ ಜೋರಾದರೆ ಕಾಗಿಣಾ ನದಿ ಉಕ್ಕಿ ಮಳಖೇಡದ ಸೇತುವೆ ಮುಳುಗುತ್ತದೆ, ಸೇಡಂ ರಸ್ತೆ ಬಂದ್. ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರಲ್ಲಿ, ಈಚೆ ದಡಕ್ಕೆ ಒಬ್ಬ ಸಿಡುಕ ಓವರ್‌ಸಿಯರು, ಸೇಡಂ ಬಸ್ಸು ತಪ್ಪಿದ ಒಬ್ಬ ಶಾಲೆ ಟೀಚರು. ಯಾರಾದರೂ ಬರೆಯಿರಿ, ಕಾಸು ಕೊಟ್ಟು ಓದುತ್ತೇನೆ.

ಈಗ ಯಂತ್ರಕ್ಕೆ ಬರೋಣ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಬಿಸಿಲಿನ ಕಾರಣಕ್ಕೆ ಸರ್ಕಾರ ಕೊಡುವ ಸೌಲಭ್ಯ. ಉಳಿದ ಹತ್ತು ತಿಂಗಳಿಗೆ ಹೋಲಿಸಿದರೆ ನನ್ನ ಓದಿನ ವರ್ಷ ಅಂದರೆ ಈ ಎರಡೇ ತಿಂಗಳು. ಎರಡು ಗಂಟೆಗೆ ಮನೆ. ತಣ್ಣೀರು ಮೈಮೇಲೆ ಸುರಿದುಕೊಂಡು, ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಒಂದು ದೊಡ್ಡ ಲೋಟ ಮಜ್ಜಿಗೆ. ಆಮೇಲೆ ನಡುಮನೆಯ ಶಹಾಬಾದಿ ಕಲ್ಲಿನ ಫರ್ಸಿಯನ್ನು ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ಕೂಲರಿಗೆ ಎರಡು ಕೊಡ ನೀರು. ಬಾಗಿಲು ಅರ್ಧ ಮುಚ್ಚಿ, ಬರೀ ನೆಲದ ಮೇಲೆ ಒಂದು ದಿಂಬು ಹಾಕಿಕೊಂಡು ಮಲಗಿದರೆ ಐದು ಗಂಟೆಯವರೆಗೆ ನಾನು ಯಾರಿಗೂ ಸಿಗುವುದಿಲ್ಲ. ಕರೆಂಟು ಹೋಗುತ್ತದೆ, ಕೂಲರು ನಿಲ್ಲುತ್ತದೆ, ಪುಟ ಮಾತ್ರ ಹಾಗೇ ಇರುತ್ತದೆ. ಈ ಇ-ಇಂಕ್ ಪರದೆಗೆ ಪುಟ ತಿರುವುವಾಗ ಮಾತ್ರ ಕರೆಂಟು ಬೇಕು, ಸುಮ್ನೆ ತೋರಿಸಿಕೊಂಡಿರಲು ಬೇಡ. ಹಾಗಾಗಿ ಚಾರ್ಜು ವಾರಗಟ್ಟಲೆ ಬರುತ್ತದೆ. ಫೋನಿನಲ್ಲಿ ಓದುವಾಗ ಕೈ ಬೆವರಿ, ಫೋನು ಬಿಸಿಯಾಗಿ, ಮಧ್ಯೆ ಆಫೀಸಿನ ವಾಟ್ಸಾಪ್ ಬಂದು ಸುಖವೇ ಇರಲಿಲ್ಲ. ಇದರಲ್ಲಿ ವಾಟ್ಸಾಪ್ ಇಲ್ಲ. ಇದರ ದೊಡ್ಡ ಗುಣ ಅದೇ.

ಕೈಪಿಡಿಯಲ್ಲಿ ಒಂದು ತಮಾಷೆ ಇದೆ. ಯಂತ್ರವನ್ನು 35 ಡಿಗ್ರಿಯವರೆಗೆ ಬಳಸಬಹುದಂತೆ. ಇಲ್ಲಿ ಮೇ ತಿಂಗಳಲ್ಲಿ 42, 43 ಮಾಮೂಲು. ಬರೆದವರು ಹೈದರಾಬಾದ್ ಕರ್ನಾಟಕದ ಕಡೆ ಬಂದೇ ಇಲ್ಲ ಅನಿಸುತ್ತದೆ. (ಈಗ ಕಲ್ಯಾಣ ಕರ್ನಾಟಕ ಅನ್ನಬೇಕು, 2019ರಿಂದ. ನಾಲಿಗೆಗೆ ಇನ್ನೂ ಅಭ್ಯಾಸ ಆಗಿಲ್ಲ.) ನನ್ನದಕ್ಕೆ ಇವತ್ತಿನವರೆಗೆ ಏನೂ ಆಗಿಲ್ಲ. ಮಧ್ಯಾಹ್ನ ಚಾರ್ಜಿಗೆ ಹಾಕುವುದಿಲ್ಲ. ಕವರು ತೆಗೆದು ಫರ್ಸಿಯ ಮೇಲೆ ಮಕಾಡೆ ಮಲಗಿಸುತ್ತೇನೆ, ನಾನು ಮಗ್ಗುಲು ಬದಲಾಯಿಸುವಷ್ಟರಲ್ಲಿ ಅದೂ ತಣ್ಣಗಾಗುತ್ತದೆ. ರಾತ್ರಿ ಮಾಳಿಗೆ ಮೇಲೆ ಹಾಸಿಗೆ. ಬೆಳಕು ತೀರಾ ಕಡಿಮೆ ಇಟ್ಟುಕೊಂಡರೆ ಹುಳವೂ ಕಡಿಮೆ, ಪಕ್ಕದವರ ನಿದ್ದೆಗೂ ತೊಂದರೆ ಇಲ್ಲ.

ನನ್ನ ಓದಿನ ಯೋಜನೆ ಅಲ್ಲಿಯವರದ್ದಕ್ಕೆ ತಲೆಕೆಳಗು. ಈ ಪುಸ್ತಕಗಳು ಋತು ನೋಡಿಕೊಂಡು ಬರುತ್ತವೆ: ಬೇಸಿಗೆಗೆ ಸಮುದ್ರದ ದಂಡೆ, ಅಕ್ಟೋಬರಿಗೆ ಕುಂಬಳಕಾಯಿ, ಡಿಸೆಂಬರಿಗೆ ಕ್ರಿಸ್‌ಮಸ್. ಡಿಸೆಂಬರಿನಲ್ಲಿ ನನಗೆ ಬಿಡುವಿಲ್ಲ. ತೊಗರಿ ಕಟಾವು ಶುರುವಾಗಿರುತ್ತದೆ, ರಜೆ ಸಿಕ್ಕರೆ ಅಣ್ಣನ ಹೊಲಕ್ಕೆ ಹೋಗಬೇಕು. ಹಾಗಾಗಿ ಕ್ರಿಸ್‌ಮಸ್ ಪುಸ್ತಕಗಳನ್ನೆಲ್ಲ ಕೂಡಿಟ್ಟು ಮೇ ತಿಂಗಳಲ್ಲಿ ಓದುತ್ತೇನೆ. ಹೊರಗೆ ಡಾಂಬರು ಕರಗುತ್ತಿರುತ್ತದೆ, ಒಳಗೆ ನಾಯಕಿ ಮೊಣಕಾಲುದ್ದ ಹಿಮದಲ್ಲಿ ಕಾರು ಸಿಕ್ಕಿಸಿಕೊಂಡು ನಡುಗುತ್ತಿರುತ್ತಾಳೆ. ನಾಯಕ ಕಂಬಳಿ ಹೊದಿಸುವ ಸಾಲು ಓದುವಾಗ ನನಗೆ ಆ ಕಂಬಳಿಗಿಂತ ಹೊರಗಿನ ಹಿಮದ ಮೇಲೇ ಆಸೆ ಜಾಸ್ತಿ. ಸಮುದ್ರದಂಡೆಯ ಪುಸ್ತಕಗಳನ್ನು ನಾನು ಮುಟ್ಟುವುದಿಲ್ಲ. ಬಿಸಿಲನ್ನು ಹೊಗಳುವ ಪುಸ್ತಕ ಓದಲು ನನಗೇನು ತಲೆ ಕೆಟ್ಟಿದೆಯೇ?

ಇಲ್ಲಿಯವರೆಗೆ ಯಂತ್ರಕ್ಕೆ ಹತ್ತಕ್ಕೆ ಒಂಬತ್ತು ಕೊಡಬಹುದು. ಈಗ ಚಂದಾ.

ತಿಂಗಳಿಗೆ 200 ರೂಪಾಯಿ ಒಳಗೆ, ಬೇಕಾದಷ್ಟು ಓದಿ ಅಂತ ಜಾಹೀರಾತು. ಒಂದು ಇಂಗ್ಲಿಷ್ ಪುಸ್ತಕ ಕೊಂಡರೆ 400 ರೂಪಾಯಿ ಹೋಗುವ ಕಾಲದಲ್ಲಿ ಇದು ಪುಕ್ಕಟೆ ಅನಿಸಿತು. ಸಣ್ಣ ಊರಿನ ಪ್ರೇಮಕಾದಂಬರಿಗಳು ಇಂಥ ಚಂದಾದಲ್ಲಿ ರಾಶಿ ಬಿದ್ದಿರುತ್ತವೆ. ಅವು ಒಂಟಿಯಾಗಿ ಬರುವುದಿಲ್ಲ, ಸರಣಿಯಾಗಿ ಬರುತ್ತವೆ. ಒಂದು ಮನೆ, ನಾಲ್ಕು ಅಣ್ಣತಮ್ಮಂದಿರು, ಒಬ್ಬೊಬ್ಬನಿಗೆ ಒಂದೊಂದು ಪುಸ್ತಕ. ಎರಡನೆಯವನ ಕಥೆಯಲ್ಲಿ ಮೊದಲನೆಯವನ ಹೆಂಡತಿ ಬಸುರಿಯಾಗಿ ಬಂದು ಹೋಗುತ್ತಾಳೆ. ಮಾತು ಕಡಿಮೆಯ ಕೊನೆಯ ತಮ್ಮ ಒಬ್ಬ ಇರುತ್ತಾನೆ. ಮೊದಲ ಪುಸ್ತಕದಿಂದಲೂ ಮೂಲೆಯಲ್ಲಿ ನಿಂತು ಕಟ್ಟಿಗೆ ಒಡೆಯುತ್ತಿರುತ್ತಾನೆ. ಅವನ ಕಥೆಗೇ ನಾವೆಲ್ಲ ಕಾಯುತ್ತಿರುವುದು.

ಕಳೆದ ಬೇಸಿಗೆಯಲ್ಲಿ ಮೂರು ಪುಸ್ತಕ ಮುಗಿಸಿ ನಾಲ್ಕನೆಯದನ್ನು ಒತ್ತಿದೆ. ಅದು ಚಂದಾದಲ್ಲಿ ಇಲ್ಲ. ಹಿಂದಿನ ವಾರ ಇತ್ತು, ಈಗ ಕೊಳ್ಳಬೇಕು, ಬೆಲೆ ಎರಡು ತಿಂಗಳ ಚಂದಾಕ್ಕಿಂತ ಜಾಸ್ತಿ. ಮದುವೆಗೆ ಕರೆದು, ಪಂಕ್ತಿಯಲ್ಲಿ ಕೂರಿಸಿ, ಹೋಳಿಗೆ ಬರುವ ಹೊತ್ತಿಗೆ ಎಲೆ ಎತ್ತಿದಂತಾಯಿತು. ಗ್ರಾಹಕ ಸೇವೆಗೆ ಬರೆದೆ. ‘ನಮ್ಮ ಸಂಗ್ರಹ ಕಾಲಕಾಲಕ್ಕೆ ಬದಲಾಗುತ್ತದೆ, ಇದೇ ರೀತಿಯ ಈ ಪುಸ್ತಕಗಳನ್ನು ಓದಿ’ ಅಂತ ಉತ್ತರ ಬಂತು. ಇದೇ ರೀತಿಯದ್ದು ಬೇಕಿದ್ದರೆ ಇದೇ ರೀತಿಯದ್ದು ಕೇಳುತ್ತಿದ್ದೆ. ನನಗೆ ಬೇಕಾದದ್ದು ಆ ಕಟ್ಟಿಗೆ ಒಡೆಯುವವನು!

ಆಮೇಲೆ ಇದರ ಒಳಗುಟ್ಟು ಹುಡುಕಿದೆ. ಈ ಚಂದಾದಲ್ಲಿರುವ ಪುಸ್ತಕಗಳಲ್ಲಿ ಬಹಳಷ್ಟು ಲೇಖಕರೇ ಸ್ವಂತವಾಗಿ ಪ್ರಕಟಿಸಿದವು. ಅವರು 90 ದಿನದ ಕರಾರಿನ ಮೇಲೆ ಪುಸ್ತಕ ಸೇರಿಸುತ್ತಾರೆ. ಆ ಅವಧಿಯಲ್ಲಿ ಆ ಇ-ಪುಸ್ತಕವನ್ನು ಬೇರೆಲ್ಲೂ ಮಾರುವಂತಿಲ್ಲ. ಕರಾರು ಮುಗಿದ ಮೇಲೆ ಮುಂದುವರಿಸುವುದು ಬಿಡುವುದು ಅವರಿಷ್ಟ. ಅಂದರೆ ಪುಸ್ತಕ ಮಾಯವಾಗುವುದು ಈ ವ್ಯವಸ್ಥೆಯ ಸಹಜ ನಡೆ. ಸರಿ, ಲೇಖಕರ ಹೊಟ್ಟೆಪಾಡು ನನಗೆ ಅರ್ಥವಾಗುತ್ತದೆ. ಆದರೆ ಇಂಥ ಪುಸ್ತಕ ಇಂಥ ದಿನ ಹೋಗುತ್ತದೆ ಅಂತ ಹದಿನೈದು ದಿನ ಮುಂಚೆ ಒಂದು ಸಾಲು ಹೇಳಲು ಕಂಪನಿಗೆ ಏನು ಕಷ್ಟ? ನಾನು ದಿನಾ ಎಷ್ಟು ನಿಮಿಷ ಓದಿದೆ, ಸತತ ಎಷ್ಟು ವಾರ ಓದಿದೆ ಅಂತ ಲೆಕ್ಕ ಇಟ್ಟು ಬಿಲ್ಲೆ ಕೊಡುತ್ತದೆ. ನನಗೆ ಬಿಲ್ಲೆ ಬೇಡ. ಓದು ನನ್ನ ಬಿಡುವಿನ ಕೆಲಸ, ಹಾಜರಿ ಆಫೀಸಿನಲ್ಲಿ ಕೊಟ್ಟರೆ ಸಾಕು.

ಇನ್ನೊಂದು ವಿಷಯವೂ ಆಗ ತಿಳಿಯಿತು. ಚಂದಾದಲ್ಲಿ ಲೇಖಕರಿಗೆ ಹಣ ಬರುವುದು ನಾವು ಓದಿದ ಪುಟದ ಲೆಕ್ಕದಲ್ಲಿ. ಇದು ಗೊತ್ತಾದ ಮೇಲೆ ಕೆಲವು ಪುಸ್ತಕಗಳ ಹೊಟ್ಟೆ ಯಾಕೆ ಉಬ್ಬಿದೆ ಅನ್ನೋದು ಕಾಣತೊಡಗಿತು. ಕಾಲೇಜಿನಲ್ಲಿದ್ದಾಗ ಬಾಡಿಗೆ ತಂದು ಓದುತ್ತಿದ್ದ ಮಿಲ್ಸ್ ಆಂಡ್ ಬೂನ್ ಪುಸ್ತಕಗಳು 190 ಪುಟದ ಆಸುಪಾಸಿನಲ್ಲಿ ಮದುವೆ ಮುಗಿಸುತ್ತಿದ್ದವು. ಈಗಿನವು 400 ಪುಟ. ಒಂದು ಸಣ್ಣ ತಪ್ಪು ತಿಳಿವಳಿಕೆ, ಒಂದು ಫೋನು ಮಾಡಿದರೆ ಬಗೆಹರಿಯುವಂಥದ್ದು, ಎಪ್ಪತ್ತು ಪುಟ ಎಳೆಯುತ್ತದೆ. ಎಲ್ಲರೂ ಪುಟಕ್ಕಾಗಿಯೇ ಎಳೆಯುತ್ತಾರೆ ಅನ್ನುತ್ತಿಲ್ಲ. ಚೆನ್ನಾಗಿ ಬರೆಯುವವರು 400 ಪುಟವನ್ನೂ ಒಂದು ಮಧ್ಯಾಹ್ನದಲ್ಲಿ ಓಡಿಸುತ್ತಾರೆ. ಆದರೆ ನಾನೀಗ ನಡುಭಾಗದಲ್ಲಿ ಅನುಮಾನದ ಕಣ್ಣಿಟ್ಟು ಓದುತ್ತೇನೆ, ಆ ಮಟ್ಟಿಗೆ ಸುಖ ಕಡಿಮೆಯಾಗಿದೆ.

ಅಮ್ಮನಿಗೆ ಇದನ್ನೆಲ್ಲ ಹೇಳಿದಾಗ ನಕ್ಕರು. ಅವರ ಕಾಲದಲ್ಲಿ ವಾರಪತ್ರಿಕೆಯ ಧಾರಾವಾಹಿ ಹಾಳೆಗಳನ್ನು ಕಿತ್ತು, ಸೂಜಿ ದಾರ ಹಾಕಿ ಹೊಲಿದು ಕಟ್ಟು ಮಾಡುತ್ತಿದ್ದರು. ಅಟ್ಟದ ಮೇಲೆ ಇನ್ನೂ ಕೆಲವು ಇವೆ. ಅವುಗಳಲ್ಲೂ ಮಧ್ಯೆ ಒಂದೊಂದು ಕಂತು ಇರುವುದಿಲ್ಲ. ಯಾರೋ ಬಜಿ ಕಟ್ಟಲು ಹರಿದಿರುತ್ತಾರೆ. ‘ನಮಗೇನ್ ತ್ರಾಸ್ ಆಗ್ತಿರಲಿಲ್ಲ ಬಿಡು. ನಮ್ಮಲ್ಲಿ ಇಲ್ಲದ್ದು ಬಾಜೂ ಮನ್ಯಾಗ ಇರ್ತಿತ್ತು’ ಅಂದರು. ಅದೇ ನೋಡಿ. ಬೀದರಿನಲ್ಲಿರುವ ನನ್ನ ತಂಗಿಗೂ ಈ ಪುಸ್ತಕಗಳ ಹುಚ್ಚು. ಕಾಗದದ ಪುಸ್ತಕವಾಗಿದ್ದರೆ ಬೀದರ್ ರೈಲಿನಲ್ಲಿ ಹೋಗುವ ಯಾರ ಕೈಯಲ್ಲಾದರೂ ಕಳಿಸುತ್ತಿದ್ದೆ. ಚಂದಾದ ಪುಸ್ತಕವನ್ನು ಕೊಡಬೇಕು ಅಂದರೆ ಯಂತ್ರವನ್ನೇ ಕೊಡಬೇಕು. ಅವಳೂ ಬೇರೆ ಚಂದಾ ಕಟ್ಟುತ್ತಾಳೆ. ಒಂದೇ ಕಥೆ ಓದಲು ಒಂದೇ ಮನೆಯ ಇಬ್ಬರು ಎರಡು ಸಲ ದುಡ್ಡು ಕೊಡುತ್ತಿದ್ದೇವೆ.

ಕನ್ನಡದ ಬಗ್ಗೆ ಕೇಳುವವರಿಗೆ: ಈ ಅಂಗಡಿಯಲ್ಲಿ ಕನ್ನಡ ಪುಸ್ತಕ ನಂಬಿಕೊಂಡು ಯಂತ್ರ ಕೊಳ್ಳಬೇಡಿ. ಸಿಕ್ಕಿದ ಕೆಲವೂ ಸ್ಕ್ಯಾನ್ ಮಾಡಿದ ಪುಟಗಳು. ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಾಚೆ ಹೋಗುತ್ತದೆ. ಕನ್ನಡದ ಇ-ಪುಸ್ತಕಕ್ಕೆ ನಮ್ಮವರದೇ ಆ್ಯಪ್‌ಗಳಿವೆ, ಫೋನಿನಲ್ಲಿ ಚೆನ್ನಾಗಿ ಕಾಣುತ್ತವೆ. ನಾನಂತೂ ಮಳೆಗಾಲದಲ್ಲಿ ಕನ್ನಡವನ್ನು ಕಾಗದದಲ್ಲೇ ಓದುತ್ತೇನೆ. ಮನೆ ತೆರಿಗೆ ಕಟ್ಟುವಾಗ ಗ್ರಂಥಾಲಯ ಕರ ಅಂತ 6 ಪರ್ಸೆಂಟು ಕೊಟ್ಟಿರುತ್ತೇವಲ್ಲ, ಆ ದುಡ್ಡನ್ನು ಗ್ರಂಥಾಲಯಕ್ಕೆ ಹೋಗಿ ವಸೂಲು ಮಾಡಿಕೊಳ್ಳಬೇಕು.

ಸಿಟ್ಟು ಇಳಿದ ಮೇಲೆ ನಾನು ಮಾಡಿದ್ದು ಇಷ್ಟು. ವರ್ಷಪೂರ್ತಿ ಚಂದಾ ಕಟ್ಟುವುದನ್ನು ನಿಲ್ಲಿಸಿದೆ. ಏಪ್ರಿಲ್ ಒಂದಕ್ಕೆ ಸೇರುತ್ತೇನೆ, ಮೇ ಕೊನೆಗೆ ಬಿಡುತ್ತೇನೆ. ಎರಡು ತಿಂಗಳಿಗೆ 400 ರೂಪಾಯಿ ಒಳಗೆ ಮುಗಿಯುತ್ತದೆ, ಒಂದು ಇಂಗ್ಲಿಷ್ ಪುಸ್ತಕದ ಬೆಲೆ. ಆ ಲೆಕ್ಕದಲ್ಲಿ ನೋಡಿದರೆ ಚಂದಾ ಕೂಡ ಕೆಟ್ಟದ್ದಲ್ಲ. ಸೇರಿದ ದಿನವೇ ತಾನಾಗಿ ಮುಂದುವರಿಯುವುದನ್ನು ಬಂದ್ ಮಾಡಿಬಿಡಿ, ತಿಂಗಳು ಮುಗಿಯುವವರೆಗೆ ಓದಲು ಬಿಡುತ್ತದೆ. ಸರಣಿ ಶುರು ಮಾಡುವ ಮುಂಚೆ ಕೊನೆಯ ಪುಸ್ತಕ ಚಂದಾದಲ್ಲಿದೆಯೇ ನೋಡಿ. ಇದ್ದರೆ ಮೊದಲು ಅದನ್ನೇ ಇಳಿಸಿಕೊಳ್ಳಿ, ಆಮೇಲೆ ಒಂದು, ಎರಡು, ಮೂರು. ನನಗೆ ಹಾಗೆ ಇಳಿಸಿಕೊಂಡ ಪುಸ್ತಕ ಮಧ್ಯದಲ್ಲಿ ಕೈತಪ್ಪಿಲ್ಲ.

ಆ ನಾಲ್ಕನೇ ಪುಸ್ತಕವನ್ನು ಕೊನೆಗೆ ತಂಗಿಯೇ ದುಡ್ಡು ಕೊಟ್ಟು ಕೊಂಡಳು. ಓದಿ ಮುಗಿಸಿ ಫೋನಿನಲ್ಲಿ ಮುಕ್ಕಾಲು ಗಂಟೆ ಕಥೆ ಹೇಳಿದಳು. ಕಟ್ಟಿಗೆ ಒಡೆಯುವವನು ಊರಿನ ದನದ ಡಾಕ್ಟರಮ್ಮನನ್ನು ಮದುವೆಯಾದನಂತೆ. ನಡುವಿನ ಎಪ್ಪತ್ತು ಪುಟವನ್ನು ಅವಳು ಒಂದೇ ವಾಕ್ಯದಲ್ಲಿ ಮುಗಿಸಿದಳು.