ಸಿಲಿಕಾನ್ ಕ್ಯಾಥೆಟರ್: ಅಪ್ಪನಿಗೆ ಬಳಸಿ ನೋಡಿದ ಮೇಲೆ

ನಮ್ಮ ಅಪ್ಪನಿಗೆ 74. ಇಳಕಲ್‌ನಲ್ಲಿ ಜೀವಮಾನವೆಲ್ಲ ಸೀರೆ ನೇಯ್ದವರು, ಈಗ ಬಾಗಲಕೋಟೆ ನವನಗರದಲ್ಲಿ ನಮ್ಮ ಜೊತೆ ಇದ್ದಾರೆ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರ ಕಟ್ಟಿತು. ಹಾರ್ಟ್ ತೊಂದರೆ ಇರುವುದರಿಂದ ಆಪರೇಷನ್ ಸದ್ಯಕ್ಕೆ ಬೇಡ ಅಂದರು ಡಾಕ್ಟರ್. ಹಾಗಾಗಿ ಐದು ತಿಂಗಳಿಂದ ಮೂತ್ರ ಇಳಿಸುವ ಪೈಪ್, ಅಂದರೆ ಕ್ಯಾಥೆಟರ್, ಇದೆ. ಮೊದಲು ಎರಡು ಲ್ಯಾಟೆಕ್ಸ್ (ರಬ್ಬರ್), ಆಮೇಲೆ ನಾಲ್ಕು ಪೂರ್ತಿ ಸಿಲಿಕಾನ್. ಮನೆಯಲ್ಲಿ ಯಾರಿಗಾದರೂ ಹೀಗೆ ಪೈಪ್ ಹಾಕಿದ್ದರೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲ ಸಲ ಮೆಡಿಕಲ್‌ನಲ್ಲಿ ಕೊಟ್ಟದ್ದು ಹಳದಿ ಬಣ್ಣದ್ದು. ನೂರೈವತ್ತು ರೂಪಾಯಿ ಆಸುಪಾಸು. "ಇದರ ಮ್ಯಾಲ ಸಿಲಿಕಾನ್ ಕೋಟಿಂಗ್ ಐತ್ರಿ ಸರ್, ನೀರು ಹತ್ತಂಗಿಲ್ಲ, ಅದಕ್ಕ ಇನ್‌ಫೆಕ್ಷನ್ ಆಗಂಗೇ ಇಲ್ಲ, ಚಿಂತಿ ಬಿಡ್ರಿ" ಅಂದರು ಅಂಗಡಿಯವರು. ನಾನು ನಂಬಿದೆ. ಹದಿಮೂರನೇ ದಿನ ರಾತ್ರಿ ಬ್ಯಾಗಿಗೆ ಒಂದು ಹನಿ ಇಳಿಯಲಿಲ್ಲ. ಅಪ್ಪನ ಕೆಳಹೊಟ್ಟೆ ಕಲ್ಲಿನಂತೆ ಬಿಗಿದಿತ್ತು, ಬೆವರುತ್ತಿದ್ದರು. ಆಸ್ಪತ್ರೆಗೆ ಓಡಿದೆವು. ಸಿಸ್ಟರ್ ಪೈಪ್ ತೆಗೆದು ಟ್ರೇಯಲ್ಲಿ ಇಟ್ಟಾಗ ಹತ್ತಿರದಿಂದ ನೋಡಿದೆ: ತುದಿಯ ತೂತಿನ ಸುತ್ತ ಬಿಳಿ ಸುಣ್ಣದಂಥದ್ದು ಗಟ್ಟಿಯಾಗಿ ಕೂತಿತ್ತು. ಗ್ಲೌಸ್ ಹಾಕಿದ ಬೆರಳಿಂದ ಅವರು ತಿಕ್ಕಿದರೆ ಮರಳಿನಂತೆ ಕರಕರ ಅಂತು. ಒಳಗಡೆ ಲೋಳೆ. ತೊಳೆಯದ ಕೊಡದೊಳಗೆ ಎರಡು ದಿನಕ್ಕೆ ಕೈಗೆ ಜಾರುತ್ತದಲ್ಲ, ಅದೇ ಥರ.

ಆ ಲೋಳೆಯೇ ಬ್ಯಾಕ್ಟೀರಿಯಾದ ಮನೆ. ಅದರೊಳಗೆ ಕೂತರೆ ಮಾತ್ರೆ, ಇಂಜೆಕ್ಷನ್ ಅಷ್ಟು ಸುಲಭಕ್ಕೆ ತಾಗುವುದಿಲ್ಲ. ಪ್ರೋಟಿಯಸ್ ಅನ್ನುವ ಜಾತಿಯ ಬ್ಯಾಕ್ಟೀರಿಯಾ ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಆಗ ಮೂತ್ರದಲ್ಲಿ ಕರಗಿರುವ ಲವಣ ಹರಳುಗಟ್ಟಿ ಪೈಪಿಗೆ ಅಂಟುತ್ತದೆ. ನಾನು ನೋಡಿದ್ದು ಅದೇ.

ಹಾಗಾದರೆ ಕೋಟಿಂಗ್ ಎಲ್ಲಿ ಹೋಯಿತು? ಅಪ್ಪನೇ ಹೇಳಿದರು. "ನೂಲಿಗೆ ಗಂಜಿ ಹಚ್ಚಿದಂಗ ಅಲ್ಲೇನೋ ತಮ್ಮಾ? ಗಂಜಿ ಇರೂತನಕ ನುಣ್ಣಗ, ಆಮ್ಯಾಲ ಒಳಗಿನ ನೂಲು ಹೆಂಗೈತೋ ಹಂಗ." ಡಾಕ್ಟರ್ ಹತ್ತಿರ ಕೇಳಿದಾಗ ಅವರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು. ಲ್ಯಾಟೆಕ್ಸ್ ಮೇಲಿನ ಲೇಪ ತೆಳುವಾದದ್ದು, ಸವೆಯುತ್ತದೆ. ಇನ್ನೊಂದು ಮಾತು ನನಗೆ ಹೊಸದು. ನೀರು ಹತ್ತದ ಮೇಲ್ಮೈ ಅಂದರೆ ಬ್ಯಾಕ್ಟೀರಿಯಾ ಹತ್ತದ ಮೇಲ್ಮೈ ಅಂತ ಅಲ್ಲ. ಕಮಲದ ಎಲೆಯ ಮೇಲೆ ಹನಿ ಉರುಳಿಹೋಗುವುದು ಅಲ್ಲಿನ ಸಣ್ಣ ಸಣ್ಣ ಉಬ್ಬುಗಳ ನಡುವೆ ಗಾಳಿ ಇರುವುದರಿಂದ. ಪೈಪ್ ಸಾಮಾನ್ಯವಾಗಿ ನುಣುಪು, ಅದರಲ್ಲಿ ಆ ಉಬ್ಬೂ ಇಲ್ಲ, ಗಾಳಿಯೂ ಇಲ್ಲ. ಉಬ್ಬು ಮಾಡಿದರೂ ಹಗಲು ರಾತ್ರಿ ಮೂತ್ರದಲ್ಲೇ ಮುಳುಗಿದ್ದರೆ ಆ ಗಾಳಿ ಎಷ್ಟು ದಿನ ಉಳಿಯುತ್ತದೆ? ಅದೂ ಅಲ್ಲದೆ, ಪೈಪ್ ಹಾಕಿದ ಸ್ವಲ್ಪ ಹೊತ್ತಿಗೇ ಮೈಯ ಪ್ರೋಟೀನ್ ಅದರ ಮೇಲೆ ಪದರದಂತೆ ಕೂರುತ್ತದೆ. ಆಮೇಲೆ ಬ್ಯಾಕ್ಟೀರಿಯಾಕ್ಕೆ ಸಿಗುವುದು ಆ ಪದರ, ಕೋಟಿಂಗ್ ಅಲ್ಲ.

ಎರಡನೇ ಹಳದಿ ಪೈಪಿನಲ್ಲೂ ಎರಡು ವಾರಕ್ಕೆ ಹರಿವು ಮಂದವಾಯಿತು. ಆಗ ಡಾಕ್ಟರ್ ಪೂರ್ತಿ ಸಿಲಿಕಾನ್‌ನದು ತರಲು ಹೇಳಿದರು. ಏಳುನೂರರ ಹತ್ತಿರ ಆಯಿತು. ಬೆಲೆ ಕೇಳಿ ಬೇಜಾರಾಗಿತ್ತು, ಈಗ ಇಲ್ಲ. ಇದು ಲೇಪ ಅಲ್ಲ, ಪೈಪೇ ಸಿಲಿಕಾನ್. ಪಾರದರ್ಶಕ, ಒಳಗೆ ಏನು ಹರಿಯುತ್ತಿದೆ ಅಂತ ಕಾಣುತ್ತದೆ. ನಂಬರ್ 16 ಅಂದರೆ ಹೊರಗಿನ ದಪ್ಪ ಸುಮಾರು 5.3 ಮಿಲಿಮೀಟರ್, ಲ್ಯಾಟೆಕ್ಸ್‌ನದೂ ಅಷ್ಟೇ, ಆದರೆ ಇದರ ಗೋಡೆ ತೆಳು ಇರುವುದರಿಂದ ಒಳಗಿನ ದಾರಿ ಅಗಲ. ಹಾಗಾಗಿ ಸ್ವಲ್ಪ ಹರಳು ಕೂತರೂ ಬೇಗ ಕಟ್ಟುವುದಿಲ್ಲ. ಪ್ಯಾಕೆಟ್ ಮೇಲೆ 12 ವಾರ ಅಂತ ಇದ್ದರೂ ನಮಗೆ ತಿಂಗಳಿಗೊಮ್ಮೆ ಬದಲಿಸಲು ಹೇಳಿದ್ದಾರೆ. ನಾಲ್ಕರಲ್ಲಿ ಒಂದೂ ಕಟ್ಟಿಲ್ಲ. ಮೊದಲಿದ್ದ ಉರಿಯೂ ಕಡಿಮೆ.

ಕೊರತೆಯೂ ಇದೆ. ಒಳಗೆ ಹಿಡಿದು ನಿಲ್ಲಿಸುವ ಬಲೂನಿನಿಂದ ನೀರು ನಿಧಾನಕ್ಕೆ ಸೋರಿಹೋಗುತ್ತದೆ, ಸಿಲಿಕಾನ್ ಗುಣವೇ ಅದು. ಒಮ್ಮೆ ಪೈಪ್ ಸಡಿಲ ಅನ್ನಿಸಿ ಸಿಸ್ಟರ್ ನೋಡಿದರೆ 10 ಎಂ.ಎಲ್. ತುಂಬಿದ್ದರಲ್ಲಿ ಏಳೂ ಇರಲಿಲ್ಲ. ತೆಗೆಯುವಾಗಲೂ ನೋವು ಜಾಸ್ತಿ, ಖಾಲಿಯಾದ ಬಲೂನ್ ಸುಕ್ಕಾಗಿ ಮಡಿಕೆ ಬೀಳುತ್ತದೆ. ಬಲೂನಿನ ನೀರು ತೆಗೆಯಲು ಸಿರಿಂಜ್ ಜಗ್ಗಬಾರದು, ನೀರು ತಾನಾಗಿ ಬರಲು ಬಿಡಬೇಕು. ನಮ್ಮ ಸಿಸ್ಟರ್ ಹಾಗೆ ಮಾಡಿದ ದಿನ ಅಪ್ಪ ಹಲ್ಲು ಕಚ್ಚಲಿಲ್ಲ.

ಇಷ್ಟೆಲ್ಲ ಇದ್ದೂ ಮೂರನೇ ಸಿಲಿಕಾನ್ ಪೈಪ್ ಇದ್ದಾಗ ಜ್ವರ ಬಂತು. ಇಳಕಲ್‌ಗೆ ಮದುವೆಗೆ ಹೋಗಿದ್ದೆವು. ಕಾರಿನಲ್ಲಿ ಯೂರಿನ್ ಬ್ಯಾಗನ್ನು ನಾನು ಸೀಟಿನ ಮೇಲೆ ಅಪ್ಪನ ಪಕ್ಕಕ್ಕೆ ಇಟ್ಟೆ, ತುಳಿದುಬಿಡುತ್ತಾರೆ ಅಂತ. ಬ್ಯಾಗ್ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗೆ ಇರಬೇಕು, ಇಲ್ಲದಿದ್ದರೆ ನಿಂತ ಮೂತ್ರ ವಾಪಸ್ ಹೋಗುತ್ತದೆ. ಎರಡು ದಿನಕ್ಕೆ ನಡುಕ, ಜ್ವರ, ರಾತ್ರಿ ಏನೇನೋ ಮಾತಾಡಿದರು. ಅದರಿಂದಲೇ ಬಂತು ಅಂತ ಡಾಕ್ಟರ್ ಹೇಳಲಿಲ್ಲ, ಆದರೆ ನನಗೆ ಇವತ್ತಿಗೂ ಅದು ಚುಚ್ಚುತ್ತದೆ. ಈಗ ಬ್ಯಾಗ್ ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯುತ್ತೇವೆ, ಪೈಪ್ ಬ್ಯಾಗ್ ಜೋಡಣೆಯನ್ನು ಸುಮ್ನೆ ಬಿಚ್ಚುವುದಿಲ್ಲ, ಖಾಲಿ ಮಾಡುವಾಗ ಕೆಳಗಿನ ನಳಿಕೆ ಎಲ್ಲಿಗೂ ತಾಗಬಾರದು.

ಇನ್‌ಫೆಕ್ಷನ್ ತಡೆಯಲು ಬೆಳ್ಳಿ ಲೇಪದ್ದು ತರಿಸಿ ಅಂತ ಪರಿಚಯದವರು ಹೇಳುತ್ತಿದ್ದರು. 2012ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಬ್ರಿಟನ್ನಿನ ಅಧ್ಯಯನದಲ್ಲಿ, 24 ಆಸ್ಪತ್ರೆಗಳ 7,000ಕ್ಕೂ ಜಾಸ್ತಿ ಜನರಲ್ಲಿ ನೋಡಿದಾಗ, ಸ್ವಲ್ಪ ದಿನದ ಬಳಕೆಗೆ ಬೆಳ್ಳಿ ಲೇಪದಿಂದ ಇನ್‌ಫೆಕ್ಷನ್ ಕಡಿಮೆಯಾಗಲಿಲ್ಲ. ಹಾಗಾಗಿ ನಾನು ಆ ದುಡ್ಡು ಹಾಕಲಿಲ್ಲ. ಹಾರ್ವರ್ಡ್‌ನಲ್ಲಿ ಜೊವಾನಾ ಐಜೆನ್‌ಬರ್ಗ್ ಅವರ ತಂಡ 2011ರಲ್ಲಿ ಹೂಜಿ ಗಿಡ (ಹುಳ ಜಾರಿ ಒಳಗೆ ಬೀಳುವ ಗಿಡ) ನೋಡಿ ಮಾಡಿದ ಮೇಲ್ಮೈ ಬೇರೆ ಥರದ್ದು. ಅಲ್ಲಿ ಗಾಳಿಯ ಬದಲು ಜಾರುವ ದ್ರವವನ್ನೇ ಮೇಲ್ಮೈಯೊಳಗೆ ಹಿಡಿದಿಡುತ್ತಾರೆ, ಇರುವೆ ಕೂಡ ನಿಲ್ಲಲಾರದು. ಅಂಥ ಪೈಪ್ ಬಾಗಲಕೋಟೆಯ ಮೆಡಿಕಲ್‌ಗೆ ಬಂದರೆ ಮೊದಲು ಕೊಳ್ಳುವವನು ನಾನೇ.

ಕೊಳ್ಳುವವರಿಗೆ ಇಷ್ಟು: ಪ್ಯಾಕೆಟ್ ಮೇಲೆ "100% ಸಿಲಿಕಾನ್" ಅಂತ ಇದೆಯಾ ನೋಡಿ, "ಸಿಲಿಕನೈಸ್ಡ್" ಅಂದರೆ ಅದು ಲೇಪ ಹಚ್ಚಿದ ಲ್ಯಾಟೆಕ್ಸ್. ಡಾಕ್ಟರ್ 10 ಎಂ.ಎಲ್. ಬಲೂನ್ ಬರೆದಿದ್ದರೆ 30 ಎಂ.ಎಲ್. ಕೊಟ್ಟರೆ ತಗೋಬೇಡಿ. ನಮ್ಮಲ್ಲಿ 16 ನಂಬರ್ ಎಲ್ಲಾ ಅಂಗಡಿಯಲ್ಲಿ ಸಿಗುವುದಿಲ್ಲ, ವಾರ ಮೊದಲೇ ಹೇಳಿ ತರಿಸುತ್ತೇನೆ. ಐದನೆಯದು ಈಗಾಗಲೇ ಕಪಾಟಿನಲ್ಲಿದೆ. ಪ್ರತಿ ಭೇಟಿಯಲ್ಲೂ ಅಪ್ಪ ಡಾಕ್ಟರಿಗೆ ಕೇಳುವುದು ಒಂದೇ, "ಇದನ್ನ ಯಾವಾಗ ತಗೀತೀರಿ ಸಾಹೇಬ್ರ?"